ಚಿಲಕದ ಮೇಲಿನ ಕೈ

ಹಿಂದೂಪುರ
೧೧ ನವೆಂಬರ್ ೨೦೨೪, ಸೋಮವಾರ

ರುದ್ರೇಶ್ ಅವರಿಗೆ,

ನಿಮ್ಮ ಹೆಂಡತಿ ಹೇಮಾವತಿಯ ನಮಸ್ಕಾರ. ನಾನೂ ನಿಮ್ಮ ತಾಯಿಯವರೂ ಚೆನ್ನಾಗಿದ್ದೇವೆ. ನೀವೂ ಚೆನ್ನಾಗಿದ್ದೀರಿ. ಕಣ್ಣಾರೆ ನೋಡಿದ್ದೇನೆ, ಹೇಗೆಂದು ಮುಂದೆ ಬರೆಯುತ್ತೇನೆ. ಫೋನಿನಲ್ಲಿ ಏನು ಕೇಳಿದರೂ ‘ನೋಡಾಣ’ ಎನ್ನುತ್ತೀರಿ, ವಾಟ್ಸಾಪಿನಲ್ಲಿ ಕೇಳಿದರೆ ಹೆಬ್ಬೆರಳು ಕಳಿಸುತ್ತೀರಿ. ಅದಕ್ಕೇ ಈ ಕಾಗದ.

ನೀವು ಕಲ್ಯಾಣದುರ್ಗದ ಕಾಲೇಜಿಗೆ ವರ್ಗವಾಗಿ ಹೋಗಿ ಎರಡು ವರ್ಷವಾಗುತ್ತಾ ಬಂತು. ಮನೆ ಸಿಕ್ಕ ಕೂಡಲೇ ಕರೆಸಿಕೊಳ್ಳುತ್ತೇನೆ ಎಂದಿದ್ದಿರಿ. ಮನೆ ಸಿಕ್ಕ ಸುದ್ದಿ ಬರಲೇ ಇಲ್ಲ. ವಾರಕ್ಕೊಂದು ಸಿನಿಮಾದ ಹೆಸರು, ಅದರ ಮೇಲೆ ನಿಮ್ಮ ಅಭಿಪ್ರಾಯ, ಇಷ್ಟು ಮಾತ್ರ ಬಂತು. ನಮ್ಮಿಬ್ಬರ ನಡುವೆ ಉಳಿದ ಮಾತು ಅದೊಂದೇ ಆದ್ದರಿಂದ, ಹುಣಸೆಹಣ್ಣಿನ ಮಂಡಿಯ ಕೆಲಸ ಮುಗಿಸಿ ಬಂದು ಕೈ ತೊಳೆದು, ನೀವು ಹೇಳಿದ್ದನ್ನೆಲ್ಲ ಕೂತು ನೋಡಿದೆ. ಒಂದರಲ್ಲಿ ಅಣ್ಣತಮ್ಮಂದಿರು ಬಂದೂಕು ಹಿಡಿದು ನಿಲ್ಲುತ್ತಾರೆ, ಢಂ ಎನ್ನುತ್ತದೆ, ಕೊಕ್ಕರೆಗಳು ಹಾರುತ್ತವೆ, ಮುಗಿಯಿತು. ಸತ್ತವನು ಯಾರು? ಇನ್ನೊಂದರಲ್ಲಿ ಒಬ್ಬ ಲಕೋಟೆ ಒಡೆದು ಓದುತ್ತಾನೆ, ನಗುತ್ತಾನೋ ಅಳುತ್ತಾನೋ ತಿಳಿಯುವ ಮೊದಲೇ ಹೆಸರುಗಳು ಮೇಲೇರುತ್ತವೆ. ಇದನ್ನೆಲ್ಲ ನೀವು ‘ಪ್ರೇಕ್ಷಕರಿಗೆ ಕೊಟ್ಟ ಗೌರವ’ ಎಂದು ಬರೆದಿರಿ. ಎರಡು ಗಂಟೆ ಕೂರಿಸಿಕೊಂಡು, ಹೇಳಬೇಕಾದ ಒಂದೇ ಒಂದು ಮಾತು ಹೇಳದೆ ಎದ್ದುಹೋಗುವವನು ಗೌರವ ಕೊಡುವವನಲ್ಲ. ಅವನಿಗೆ ಗೊತ್ತಿರುವುದಿಲ್ಲ, ಇಲ್ಲವೇ ಧೈರ್ಯವಿರುವುದಿಲ್ಲ.

ಆಮೇಲೆ, ಕಡಲಿಗೆ ಹೋದ ಗಂಡನಿಗಾಗಿ ಕಾಯುವ ಹೆಂಗಸಿನ ಸಿನಿಮಾದ ಬಗ್ಗೆ ಉದ್ದಕ್ಕೆ ಬರೆದಿರಿ. ಕೊನೆಯಲ್ಲಿ ಯಾರೋ ಕದ ತಟ್ಟುತ್ತಾರೆ, ಅವಳು ಎದ್ದು ಚಿಲಕದ ಮೇಲೆ ಕೈ ಇಡುತ್ತಾಳೆ, ಪರದೆ ಕಪ್ಪಾಗುತ್ತದೆ. ‘ಬಂದವನು ಯಾರೆಂಬುದು ಮುಖ್ಯವಲ್ಲ, ಕಾಯುವುದೇ ಉತ್ತರ’ ಎಂದಿರಿ. ಅದರ ಕೆಳಗೆ, ‘ಈಗ ನಮ್ಮೂರ ಥಿಯೇಟರಿಗೇ ಬಂದಿದೆ, ಭಾನುವಾರ ಮತ್ತೆ ಹೋಗುತ್ತೇನೆ.’ ನಮ್ಮೂರು ಎಂದರೆ ಹಿಂದೂಪುರ ಎಂದುಕೊಂಡು ಇಲ್ಲಿಯ ಥಿಯೇಟರುಗಳಲ್ಲೆಲ್ಲ ವಿಚಾರಿಸಿದೆ, ನೀವು ಬರುತ್ತೀರೆಂದು. ಎಲ್ಲೂ ಬಂದಿರಲಿಲ್ಲ. ನೀವು ನಮ್ಮೂರು ಎಂದದ್ದು ಕಲ್ಯಾಣದುರ್ಗವನ್ನು. ಆ ಒಂದು ಪದ ಸಾಕಾಯಿತು. ನಿನ್ನೆ ಭಾನುವಾರ ಬೆಳಗಿನ ಬಸ್ಸು ಹತ್ತಿದೆ.

ಕಾಲೇಜಿನ ವಾಚ್‌ಮನ್ ಮನೆ ತೋರಿಸಿದ. ಮನೆಯೊಡತಿ ತಿಪ್ಪಕ್ಕ ಜಗುಲಿಯಲ್ಲಿ ಕಡಲೇಕಾಯಿ ಬಿಡಿಸುತ್ತಿದ್ದಳು. ಸಾರ್ ಸಿನಿಮಾಕ್ಕೆ ಹೋದರು ಎಂದಳು. ಅವರಿಗೆ ಸಂಸಾರ ಇಲ್ಲವೇ ಎಂದು ನಾನೇ ಕೇಳಿದೆ.

“ಎರಡು ವರ್ಸದಿಂದ ಒಬ್ರೇ ಅವ್ರೆ ಕಣಮ್ಮ. ಹೆಂಡ್ತಿ ಇಲ್ವಾ ಸಾರ್ ಅಂತ ಕೇಳಿದ್ರೆ ಸುಮ್ನೆ ನಗ್ತಾರೆ. ಉಂದೋ ಲೇದೋ, ದೇವುಡಿಕೇ ತೆಲಿಯಾಲ,” ಎಂದಳು. ಇದ್ದಾಳೋ ಇಲ್ಲವೋ ದೇವರಿಗೇ ಗೊತ್ತಾಗಬೇಕಂತೆ.

ನಾನು ಯಾರೆಂದು ಹೇಳಲಿಲ್ಲ, ದೂರದ ನೆಂಟರವಳು ಎಂದೆ. ಕಿಟಕಿಯಿಂದ ಒಳಗೆ ನೋಡಿದೆ. ನಡುಮನೆ, ರೂಮು, ಅಡುಗೆಮನೆ, ಇಬ್ಬರಿಗೆ ಧಾರಾಳವಾಗಿ ಸಾಲುವ ಮನೆ. ಒಂದು ಸೀರೆ, ಒಂದು ಬಳೆ, ಕನ್ನಡಿಗೆ ಅಂಟಿಸಿದ ಬೊಟ್ಟು ಏನಾದರೂ ಕಾಣುತ್ತದೆಯೋ ಎಂದು ಹುಡುಕಿದೆ. ಏನೂ ಇರಲಿಲ್ಲ. ಇನ್ನೊಬ್ಬಳಿದ್ದಿದ್ದರೆ ನಿಮ್ಮ ಮೇಲೆ ಕೋಪ ಮಾಡಿಕೊಳ್ಳಬಹುದಿತ್ತು. ನನ್ನೊಡನೆ ಇರಲು ಇಷ್ಟವಿಲ್ಲ ಎಂಬ ಮಾತನ್ನು ಎರಡು ವರ್ಷದಿಂದ ನುಂಗಿಕೊಂಡು, ಒಬ್ಬನೇ ಹಾಯಾಗಿರುವ ಗಂಡಸಿನ ಮೇಲೆ ಕೋಪ ಕೂಡ ದಂಡ.

ಥಿಯೇಟರಿನಲ್ಲಿ ನಿಮ್ಮಿಂದ ಮೂರು ಸಾಲು ಹಿಂದೆ ಕೂತಿದ್ದೆ. ಪರದೆ ಕಪ್ಪಾದಾಗ ಮುಂದಿನ ಸಾಲಿನ ಹುಡುಗರು “ಇದೇಂ ಕ್ಲೈಮ್ಯಾಕ್ಸ್ ರಾ” ಎಂದು ಬೈಯುತ್ತಾ ಎದ್ದರು. ನೀವು ಏಳಲಿಲ್ಲ. ಕರ್ಚೀಪು ತೆಗೆದು ಕಣ್ಣು ಒರೆಸಿಕೊಂಡಿರಿ. ಆ ಹೆಂಗಸಿಗಾಗಿ ಅತ್ತಿರಿ.

ನಮ್ಮ ಮಗು ಆರು ತಿಂಗಳಿಗೆ ಹೊಟ್ಟೆಯಲ್ಲೇ ಹೋದಾಗ ನಿಮ್ಮ ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಆಸ್ಪತ್ರೆಯಲ್ಲಿ ಔಷಧಿ ಚೀಟಿ ಹಿಡಿದು ಕೆಳಗಿಳಿದವರು ಸಂಜೆಯವರೆಗೂ ಮೇಲೆ ಬರಲಿಲ್ಲ. ಗಂಡಸರು ದುಃಖ ತೋರಿಸುವುದಿಲ್ಲ ಎಂದು ಅತ್ತೆಯವರ ಮುಂದೆ ನಿಮ್ಮ ಪರ ವಾದಿಸಿದವಳು ನಾನು. ಅದೇ ತಿಂಗಳು ನೀವು ವರ್ಗಾವಣೆಗೆ ಅರ್ಜಿ ಹಾಕಿದಿರಿ. ಅಳಲು ಬರುತ್ತದೆ ನಿಮಗೆ, ಎದುರಿಗಿರುವವಳು ತಿರುಗಿ ಮಾತಾಡದಿದ್ದರೆ ಸಾಕು.

ಥಿಯೇಟರಿನಲ್ಲಿ ನಿಮ್ಮನ್ನು ಕರೆಯೋಣವೆಂದು ಬಾಯಿ ತೆರೆದೆ. ಕರೆಯಲಿಲ್ಲ. ಹೊರಗೆ ಬಂದು ಬಸ್ ಸ್ಟ್ಯಾಂಡಿನಲ್ಲಿ ಎರಡು ಇಡ್ಲಿ ತಿಂದು ಊರಿಗೆ ಬಂದೆ. ಹಸಿವಾಗಿತ್ತು.

ಇದರ ಜೊತೆ, ಇವತ್ತು ಬೆಳಿಗ್ಗೆ ವಕೀಲರಿಂದ ಬರೆಸಿದ ವಿಚ್ಛೇದನದ ಅರ್ಜಿ ಇದೆ. ನಾನು ಸಹಿ ಮಾಡಿದ್ದೇನೆ, ನೀವೂ ಮಾಡಿ ಕಳಿಸಿ. ತಿಂಗಳೊಳಗೆ ಬರದಿದ್ದರೆ ನಾನೊಬ್ಬಳೇ ಕೋರ್ಟಿಗೆ ಹೋಗುತ್ತೇನೆ. ಸಿನಿಮಾದ ಬಗ್ಗೆ ಇನ್ನು ನನಗೆ ಬರೆಯಬೇಡಿ.

ಇತಿ,
ಹೇಮಾವತಿ

ಮರೆತಿದ್ದೆ: ಅತ್ತೆಯವರಿಗೆ ಎಲ್ಲವನ್ನೂ ಹೇಳಿ, ಸೋಮಂದೇಪಲ್ಲಿಯ ನಮ್ಮಣ್ಣನ ಮನೆಗೆ ಹೋಗಲು ಬಟ್ಟೆ ತುಂಬಿಕೊಳ್ಳುತ್ತಿದ್ದೆ. ಅವರು ಚೀಲ ಕಿತ್ತುಕೊಂಡು ಬಟ್ಟೆಯನ್ನೆಲ್ಲ ಮಂಚದ ಮೇಲೆ ಸುರಿದರು. “ನೀನ್ಯಾಕೆ ಹೋಯ್ತೀಯ? ಹೋಗೋನು ಆಗ್ಲೇ ಹೋದ್ನಲ್ಲ. ಮನೆ ನನ್ ಹೆಸ್ರಲ್ಲೈತೆ,” ಎಂದರು. ಅದೇ ಚೀಲದಲ್ಲಿ ಈಗ ನಿಮ್ಮ ಶರಟು, ಪುಸ್ತಕಗಳನ್ನು ತುಂಬಿ ಬಾಯಿ ಹೊಲಿದಿದ್ದಾರೆ. ಗುರುವಾರ ಬೆಳಗಿನ ಬಸ್ಸಿಗೆ ಹಾಕಿಸುತ್ತೇವೆ, ಸ್ಟ್ಯಾಂಡಿಗೆ ಬಂದು ಇಳಿಸಿಕೊಳ್ಳಿ.