ಗಂಡಸರನ್ನು ಓದುವ ತರಗತಿಗೆ ಬೀಗ ಹಾಕಿದವರಿಗೆ

ಮಾನ್ಯ ಕುಲಪತಿಗಳೇ,

ನನ್ನ ತರಗತಿಗೆ ತಾವು ಬೀಗ ಹಾಕಿಸಿದ್ದೀರಿ. ಹಾಕಿಸಿದ್ದು ಮಂಗಳವಾರ. ಆ ವಾರದ ಗುರುವಾರ ಅದೇ ತರಗತಿಯಲ್ಲಿ ನನ್ನ ಮಗಳು ನನ್ನನ್ನು ಒಂದು ಪ್ರಶ್ನೆ ಕೇಳುವವಳಿದ್ದಳು. ತಾವು ಎರಡು ದಿನ ತಡೆದಿದ್ದರೆ ನಾನು ಈ ಪತ್ರವನ್ನು ಪತ್ರಿಕೆಗೆ ಕೊಡುತ್ತಿರಲಿಲ್ಲ. ನಿಯಮದಂತೆ ಮೂರು ಪ್ರತಿ ಮಾಡಿ, ತಮ್ಮ ಕಚೇರಿಗೆ ಸಲ್ಲಿಸಿ, ಬಾರದ ಉತ್ತರಕ್ಕೆ ಕಾಯುತ್ತ ಕೂತಿರುತ್ತಿದ್ದೆ. ಕಾಯುವುದರಲ್ಲಿ ನಮ್ಮ ಊರಿನ ಗಂಡಸರನ್ನು ಮೀರಿಸಿದವರಿಲ್ಲ.

ಪುರುಷತ್ವ ಅಧ್ಯಯನವೆಂಬ ವಿಷಯವನ್ನು ರದ್ದು ಮಾಡಿದ ದಿನ ಸಭೆಯಲ್ಲಿ ತಾವು ಆಡಿದ ಮಾತು ನನಗೆ ಬಾಯಿಪಾಠವಾಗಿದೆ. "ಮಿನಾಂಗ್ ನಾಡಲ್ಲಿ ಮನೆ, ಗದ್ದೆ ಎಲ್ಲ ಹೆಂಗಸರದ್ದು. ಅವರನ್ನ ಓದಿದ್ರೆ ಒಂದು ಅರ್ಥ ಇದೆ. ಗಂಡಸರಲ್ಲಿ ಓದೋದೇನ್ರೀ ಇದೆ? ಗಂಡಸರ ವಿಷಯ ಗೊತ್ತಾಗ್ಬೇಕಾದ್ರೆ ಲಪಾವಿಗೆ ಹೋಗಿ ಅಂಗಡಿ ಬೆಂಚಲ್ಲಿ ಕೂತು ಒಂದು ಲೋಟ ಕಾಫಿ ಕುಡೀರಿ, ಸಾಕು!" ಸಭೆಗೆ ಸಭೆಯೇ ನಕ್ಕಿತು. ನಾನೂ ನಕ್ಕೆ. ತನ್ನ ಮೇಲಿನ ತಮಾಷೆಗೆ ಎಲ್ಲರಿಗಿಂತ ಜೋರಾಗಿ ನಗುವವನನ್ನೇ ನಾವು ಗಂಡಸು ಎಂದು ಒಪ್ಪಿಕೊಳ್ಳುವುದು. ಇದು ಆ ಪಠ್ಯದ ಮೊದಲನೆಯ ಪಾಠ. ತಾವು ಅದನ್ನು ಓದದೆಯೇ ಪ್ರಯೋಗ ಮಾಡಿ ತೋರಿಸಿದಿರಿ, ಅಭಿನಂದನೆಗಳು.

ಈ ವಿಷಯವನ್ನು ಶುರುಮಾಡಿದಾಗ ನಾನು ಎರಡೂ ಕಡೆಯಿಂದ ಬೈಸಿಕೊಂಡವನು. ಮಹಿಳಾ ಅಧ್ಯಯನದ ಸಹೋದ್ಯೋಗಿಯೊಬ್ಬರು, "ಇಡೀ ಗ್ರಂಥಾಲಯವೇ ಗಂಡಸರದ್ದು, ಇನ್ನೂ ಒಂದು ಕಪಾಟು ಬೇಕಾ ನಿಮಗೆ?" ಎಂದರು. ನ್ಯಾಯವಾದ ಪ್ರಶ್ನೆ. ಆದರೆ ಗ್ರಂಥಾಲಯದ ತುಂಬ ಇರುವುದು ಗಂಡಸರು ಮಾಡಿದ ಯುದ್ಧ, ಬರೆದ ಕಾನೂನು, ಆಳಿದ ಊರು. ಗೆದ್ದವನು ಮನೆಗೆ ಬಂದು ಯಾರ ಹತ್ತಿರ ಏನು ಮಾತಾಡಿದ, ಸೋತವನು ಎಲ್ಲಿ ಕೂತು ಅತ್ತ ಎಂಬುದಕ್ಕೆ ಅಲ್ಲಿ ಒಂದು ಪುಟವೂ ಸಿಗುವುದಿಲ್ಲ. ಇದನ್ನೇ ಹೇಳಿದೆ, ಅವರು ಆಮೇಲೆ ನನ್ನ ತರಗತಿಗೆ ಎರಡು ಉಪನ್ಯಾಸ ಕೊಟ್ಟರು. ಇನ್ನು ಧರ್ಮಶಾಸ್ತ್ರದ ಹಿರಿಯರೊಬ್ಬರು ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿ ಕೇಳಿದರು.

"ಹುಡುಗರನ್ನ ಹೆಂಗಸರ ಥರ ಮಾಡ್ತೀರಂತೆ, ನಿಜಾನಾ?"

"ಇಲ್ಲ ಬುಯಾ. ಏನಾಯ್ತು ಅಂತ ಕೇಳಿದ್ರೆ ಬಾಯಿಬಿಟ್ಟು ಹೇಳೋ ಹಾಗೆ ಮಾಡ್ತೀವಿ, ಅಷ್ಟೇ."

"ಮತ್ತೆ? ನಾನು ಹೇಳಿದ್ದೂ ಅದನ್ನೇ ಅಲ್ವಾ!"

ಸಾಕ್ಷಿ ಇಲ್ಲದೆ ವಾದ ಮಾಡಬಾರದೆಂದು ವಿದ್ಯಾರ್ಥಿಗಳಿಗೆ ಹೇಳಿಕೊಟ್ಟವನು ನಾನು. ಆದ್ದರಿಂದ ನನ್ನನ್ನೇ ಸಾಕ್ಷಿಯಾಗಿ ನಿಲ್ಲಿಸುತ್ತಿದ್ದೇನೆ.

ಮದುವೆಯಾಗಿ ನಾನು ಮರಾಪಿ ಬೆಟ್ಟದ ತಪ್ಪಲಿನ ನುರ್‌ಹೆಲ್ಮಾಳ ಮನೆಗೆ ಹೋದೆ. ತಾವೂ ಹಾಗೆಯೇ ಒಂದು ಮನೆಗೆ ಹೋದವರು, ಬಿಡಿಸಿ ಹೇಳಬೇಕಾಗಿಲ್ಲ. ಹೆಂಡತಿಯ ಮನೆಯಲ್ಲಿ ಅಳಿಯ ಅತಿಥಿ. ಅತಿಥಿಯ ಕಷ್ಟವೇನೆಂದರೆ ಅವನನ್ನು ಎಲ್ಲರೂ ಚೆನ್ನಾಗಿ ನೋಡಿಕೊಳ್ಳುತ್ತಾರೆ. ನನಗೆ ಹೂವಿನ ಅಂಚಿನ ತಟ್ಟೆ, ಮೀನಿನ ಒಳ್ಳೆಯ ಭಾಗ, ಕಿಟಕಿ ಪಕ್ಕದ ಜಾಗ. ಅಷ್ಟು ವರ್ಷ ಆ ಮನೆಯ ಗೋಡೆಗೆ ನಾನು ಒಂದು ಮೊಳೆ ಹೊಡೆಯಲಿಲ್ಲ. ನನ್ನ ಅಂಗಿಗಳು ಅವಳ ಹೊಲಿಗೆ ಯಂತ್ರದ ಮೇಲೆ ಮಡಚಿಕೊಂಡು ಕೂತಿರುತ್ತಿದ್ದವು. "ಮಗಳು ಕಾಲೇಜಿಗೆ ಹೋಗೋ ಹಾಗಾದ್ಲು," ಎಂದು ನುರ್‌ಹೆಲ್ಮಾ ಗೇಲಿ ಮಾಡುತ್ತಿದ್ದಳು, "ಇನ್ನೂ ನೀರು ಬೇಕಾದ್ರೆ 'ನೀರಿದ್ಯಾ' ಅಂತ ಕೇಳ್ತೀರಲ್ರೀ! ಬಾವಿ ಬತ್ತಿಹೋಗಿದ್ರೆ ಹೇಳ್ತಿರ್ಲಿಲ್ವಾ ನಾನು?" ನಗುತ್ತಿದ್ದೆ. ಎದ್ದು ಹೋಗಿ ನೀರು ತೆಗೆದುಕೊಳ್ಳುತ್ತಿರಲಿಲ್ಲ.

ಹೋದ ವರ್ಷ ಅವಳು ತೀರಿಕೊಂಡಳು. ಹೊಟ್ಟೆಯೊಳಗಿನ ಗಡ್ಡೆ ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಅವಳಿಲ್ಲದ ದುಃಖವನ್ನು ಇಲ್ಲಿ ಬರೆಯಲಾರೆ, ಅದಕ್ಕೆ ನನ್ನಲ್ಲಿ ಇನ್ನೂ ಮಾತಿಲ್ಲ.

ಪ್ರಾರ್ಥನೆಯ ದಿನಗಳು ಮುಗಿದ ಮೇಲೆ ನನ್ನ ಅಕ್ಕ ರೋಸ್ನೆಲ್ಲಿ, ನಮ್ಮ ಮನೆತನದ ನಾಲ್ಕು ಜನರೊಂದಿಗೆ, ಬಿದಿರಿನಲ್ಲಿ ಬೇಯಿಸಿದ ಲಮಾಂಗ್ ಅನ್ನ ಹೊತ್ತು ಆ ಮನೆಗೆ ಬಂದಳು. ಹೆಂಡತಿ ಸತ್ತರೆ ಗಂಡನನ್ನು ಅವನ ಕಡೆಯವರು ಬಂದು ಕರೆದೊಯ್ಯಬೇಕು. ಬರದಿದ್ದರೆ ಅವನಿಗೆ ಹಿಂದುಮುಂದು ಯಾರೂ ಇಲ್ಲವೆಂದು ಊರು ಆಡಿಕೊಳ್ಳುತ್ತದೆ. ನುರ್‌ಹೆಲ್ಮಾಳ ಅಣ್ಣ ಜಾಸ್ರಿಲ್ ಆ ಮನೆಯ ಪರವಾಗಿ ಎದುರಿಗೆ ಕೂತ.

"ಇಷ್ಟು ವರ್ಷ ನಮ್ಮ ತಮ್ಮನ್ನ ಚೆನ್ನಾಗಿ ನೋಡ್ಕೊಂಡ್ರಿ," ಎಂದಳು ಅಕ್ಕ. "ಈಗ ಕರ್ಕೊಂಡು ಹೋಗೋಕೆ ಬಂದಿದೀವಿ."

"ಕಳಿಸೋಕೆ ಮನಸ್ಸಿಲ್ಲ, ರೋಸ್ನೆಲ್ಲಿ ಉನಿ. ಆದ್ರೆ ನಿಮ್ಮವರನ್ನ ಹಿಡಿದಿಟ್ಕೊಳ್ಳೋಕೆ ನಾವ್ಯಾರು?" ಎಂದ ಜಾಸ್ರಿಲ್.

ಇಬ್ಬರೂ ಅತ್ತರು. ಇಬ್ಬರೂ ಒಂದು ಮಾತೂ ತಪ್ಪದೆ ಕಟ್ಟಳೆ ನಡೆಸಿದರು. ನನ್ನ ಮಗಳು ಯೆಲ್ಮಿ ಅಡುಗೆಮನೆಯ ಬಾಗಿಲಲ್ಲಿ, ಕೈಯಲ್ಲಿ ತೊಳೆದ ತಟ್ಟೆ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಅವಳು "ಇರಿ ಅಪಾ" ಎಂದರೆ ಇರುತ್ತಿದ್ದೆ. ಆದರೆ ಅವಳು ಹಾಗೆನ್ನುವ ಹಾಗಿಲ್ಲ, ಮಾತು ಸೋದರಮಾವನದು. ನಾನು ಇರುತ್ತೇನೆ ಎನ್ನುವ ಹಾಗಿಲ್ಲ, ಅಕ್ಕನ ಮನೆಗೆ ಅವಮಾನ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಪುರುಷತ್ವದ ಬಗ್ಗೆ ಎರಡು ಪುಸ್ತಕ ಬರೆದವನು, ಮೂರು ದೇಶಗಳಲ್ಲಿ ಭಾಷಣ ಮಾಡಿಬಂದವನು, ಎದ್ದು ನಿಂತು "ಹೊರಡೋಣ" ಎಂದೆ. ಸಾಮಾನು ಕಟ್ಟುವುದಕ್ಕೆ ಹೊತ್ತೇ ಹಿಡಿಯಲಿಲ್ಲ, ಎಲ್ಲ ಆಗಲೇ ಮಡಚಿಯೇ ಇತ್ತಲ್ಲ. ತಿರುಗಿ ನೋಡಲಿಲ್ಲ. ನೋಡಿದ್ದರೆ ಅತ್ತುಬಿಡುತ್ತಿದ್ದೆ.

ಅಕ್ಕನ ಮನೆಯಲ್ಲಿ ಕೋಣೆಗಳೆಲ್ಲ ಅವಳ ಹೆಣ್ಣುಮಕ್ಕಳವು, ಅವರ ಗಂಡಂದಿರು ಬಂದಿದ್ದಾರೆ. ನಾನು ಮುಂದಿನ ಹಜಾರದಲ್ಲಿ ಚಾಪೆ ಹಾಸಿ ಮಲಗುತ್ತೇನೆ. ಇಲ್ಲಿಯೂ ಅತಿಥಿ, ಇಲ್ಲಿಯೂ ಒಳ್ಳೆಯ ತಟ್ಟೆ. ಪೇಟೆಯಲ್ಲಿ ಬಾಡಿಗೆ ಮನೆ ಹಿಡಿಯುತ್ತೇನೆ ಎಂದಾಗ ಅಕ್ಕ ಊಟ ಬಿಟ್ಟಳು. "ಅಕ್ಕ ಇದ್ದೂ ತಮ್ಮ ಬಾಡಿಗೆ ಮನೆ ಸೇರ್ದ ಅಂತ ಜನ ಅನ್ನಲ್ವಾ ನಾಲ್ದಿ? ನಾನು ಸತ್ತಿದೀನಾ?" ಅಲ್ಲಿಗೆ ಆ ಮಾತು ಮುಗಿಯಿತು. ಹಾಗಾಗಿ ನನ್ನ ಅಂಗಿಗಳು ಈಗ ಕಾರಿನ ಹಿಂದಿನ ಸೀಟಿನ ಮೇಲೆ, ಕಿಟಕಿಯ ಕೊಂಡಿಗೆ ನೇತಾಡುತ್ತವೆ. ತಾವು ವಾಹನ ನಿಲುಗಡೆಯಲ್ಲಿ ನೋಡಿರುತ್ತೀರಿ.

ಇನ್ನು ತಮ್ಮ ಲಪಾವಿನ ವಿಷಯಕ್ಕೆ ಬರೋಣ. ತಮ್ಮ ಸಲಹೆಗೆ ಮೊದಲಿನಿಂದಲೂ ನಾನು ಲಪಾವಿಗೆ ಹೋಗುತ್ತಿದ್ದೇನೆ. ದಿನಾ ಸಂಜೆ ಅದೇ ಬೆಂಚು, ಮೊಟ್ಟೆ ಹಾಕಿದ ಅದೇ ಚಹಾ, ಅದೇ ಡಾಮಿನೋ ಆಟ. ನನ್ನ ಕಾರು ಬಂದು ನಿಂತರೆ ನಿವೃತ್ತ ಬಸ್ ಚಾಲಕ ಎದ್ಮನ್ ಕೂಗುತ್ತಾನೆ: "ಬಂತಪ್ಪಾ ಮೇಷ್ಟ್ರ ಲಾಂಡ್ರಿ! ಇಸ್ತ್ರಿ ಎಷ್ಟಕ್ಕೆ ಮಾಡ್ತೀರಿ ಸಾರ್?" ಬೆಂಚಿಗೆ ಬೆಂಚೇ ನಗುತ್ತದೆ. "ನಿನ್ನ ಅಂಗಿಗೆ ಸೋಪೇ ಜಾಸ್ತಿ ಬೇಕು, ನಿನಗೆ ಡಬಲ್ ರೇಟು," ಎನ್ನುತ್ತೇನೆ. ಮತ್ತೆ ನಗು. ಎದ್ಮನ್‌ನ ಹೆಂಡತಿ ಅವನನ್ನು ಬಿಟ್ಟು ಆರು ವರ್ಷವಾಯಿತು, ಅವನು ಮಲಗುವುದು ಪ್ರಾರ್ಥನಾ ಮಂದಿರದ ಜಗಲಿಯಲ್ಲಿ. ಅವನಿಗೆ ಚಳಿಯಾಗುತ್ತದೆಯೇ ಎಂದು ಆ ಬೆಂಚಿನಲ್ಲಿ ಯಾರೂ ಕೇಳಿದ್ದನ್ನು ನಾನು ಕೇಳಿಲ್ಲ.

ಒಂದು ಸಂಜೆ ಜಾಸ್ರಿಲ್ ಬಂದು ನನ್ನ ಪಕ್ಕ ಕೂತ. ಚಹಾ ಕಲಕುತ್ತ ಕಲಕುತ್ತ, ಮುಖ ನೋಡದೆ ಹೇಳಿದ.

"ಅವತ್ತು ನೀನು ಒಂದು ಮಾತು ಅಂದಿದ್ರೆ ಸಾಕಿತ್ತು. ಯೆಲ್ಮಿ ಮದುವೆ ಆಗೋವರೆಗೂ ನಾಲ್ದಿ ಇಲ್ಲೇ ಇರ್ಲಿ ಅಂತ ನಿಮ್ಮಕ್ಕನ ಹತ್ರ ಕೇಳೋಣ ಅಂತ ಮನೇಲಿ ಎಲ್ಲ ಮಾತಾಡಿ ಇಟ್ಕೊಂಡಿದ್ವಿ. ಯೆಲ್ಮೀನೇ ಹಟ ಹಿಡಿದಿದ್ಲು."

"ಮತ್ತೆ ಯಾಕೆ ಕೇಳ್ಲಿಲ್ಲ?"

"ನೀನೇ ಎದ್ದು ಚಪ್ಪಲಿ ಹಾಕ್ಕೊಂಡೆಯಲ್ಲ ಮಾರಾಯ. ಹೋಗೋಕೆ ಅವಸರ ಇದ್ದವನ್ನ ತಡೀಬಾರ್ದು ಅಂತ ಸುಮ್ನಾದೆ."

ಲೋಟ ಕೆಳಗಿಟ್ಟೆ. ಆಗ ಅವನು ನನ್ನ ಮುಖ ನೋಡಿದ. ನೋಡಿ, "ನಿನ್ನೆ ಆಟ ನೋಡಿದ್ಯಾ? ಗೋಲ್‌ಕೀಪರ್ ದಂಡ ಕಣೋ ಅವನು," ಎಂದ. "ಪೂರಾ ದಂಡ," ಎಂದೆ. ಗೋಲ್‌ಕೀಪರನ ವಿಷಯದಲ್ಲಿ ನಾವಿಬ್ಬರೂ ಅಂಗಡಿ ಮುಚ್ಚುವವರೆಗೆ ಮಾತಾಡಿದೆವು. ತಾವು ಹೇಳಿದಂತೆ ಲಪಾವಿನಲ್ಲಿ ಎಲ್ಲ ಗೊತ್ತಾಗುತ್ತದೆ, ಗೊತ್ತಾದ ಮೇಲೆ ಏನು ಮಾಡಬೇಕೆಂಬುದು ಮಾತ್ರ ಅಲ್ಲಿ ಯಾರಿಗೂ ಗೊತ್ತಿಲ್ಲ.

ಈ ವರ್ಷ ತರಗತಿ ಶುರುವಾದ ದಿನ ಹಿಂದಿನ ಸಾಲಿನಲ್ಲಿ ಯೆಲ್ಮಿ ಕೂತಿದ್ದಳು. ಅವಳು ರಸಾಯನಶಾಸ್ತ್ರ ಓದುವವಳು. ಐಚ್ಛಿಕ ವಿಷಯವಾಗಿ ಏನನ್ನಾದರೂ ತೆಗೆದುಕೊಳ್ಳಬಹುದಿತ್ತು, ನನ್ನದನ್ನು ತೆಗೆದುಕೊಂಡಿದ್ದಳು. ನನ್ನ ತರಗತಿಯಲ್ಲಿ ಪರೀಕ್ಷೆಗೆ ಬದಲು ಒಂದು ಕೆಲಸವಿರುತ್ತದೆ. ತಮ್ಮ ಮನೆಯ ಒಬ್ಬ ಗಂಡಸನ್ನು ಕರೆತಂದು, ಇದುವರೆಗೆ ಅವನನ್ನು ಯಾರೂ ಕೇಳದ ಒಂದು ಪ್ರಶ್ನೆಯನ್ನು ಎಲ್ಲರೆದುರು ಕೇಳಬೇಕು, ಅವನು ಮುಗಿಸುವವರೆಗೆ ಯಾರೂ ನಗಬಾರದು. ಅಜ್ಜಂದಿರು ಬಂದಿದ್ದಾರೆ, ಮಾವಂದಿರು ಬಂದಿದ್ದಾರೆ. ಕೆಲವರು ಎದ್ದುಹೋಗಿದ್ದಾರೆ. ಹೆಚ್ಚಿನವರು ನೀರು ಕುಡಿದು, ಗಂಟಲು ಸರಿಮಾಡಿಕೊಂಡು, ಹೇಳಿದ್ದಾರೆ. ಯೆಲ್ಮಿ ಎದ್ದು ನಿಂತಳು.

"ನಮ್ಮ ಮನೇಲಿ ಗಂಡಸರಿಲ್ಲ ಸರ್. ಇದ್ದವರು ಹೋದ್ರು."

ವಿಷಯ ಗೊತ್ತಿಲ್ಲದ ಹುಡುಗರು ಕಿಸಕ್ಕೆಂದರು.

"ಹೋದವರನ್ನೂ ಕೇಳಬಹುದು," ಎಂದೆ.

"ಅವರು ಉತ್ತರ ಕೊಡ್ತಾರಾ ಸರ್?"

"ಕೊಡ್ತಾರೆ."

"ಹಾಗಾದ್ರೆ ಬರೋ ಗುರುವಾರ ನಂದು," ಎಂದು ಕೂತಳು.

ಆ ಗುರುವಾರಕ್ಕೆ ನಾನು ಹೊಸ ಅಂಗಿ ಕೊಂಡಿದ್ದೆ. ಸಭೆಯಲ್ಲಿ ರದ್ದೆಂದದ್ದು ಮುಂದಿನ ವರ್ಷದಿಂದ ಎಂದುಕೊಂಡಿದ್ದೆ, ಬಂದು ನೋಡಿದರೆ ಬೀಗ. ಬಾಗಿಲ ಮೇಲೆ ಪ್ರಕಟಣೆ: ಇಲ್ಲಿ 'ಆದರ್ಶ ಪುರುಷ ನಾಯಕತ್ವ ಶಿಬಿರ' ನಡೆಯಲಿದೆ. ಗಟ್ಟಿ ದನಿಯಲ್ಲಿ ಮಾತಾಡುವುದು ಹೇಗೆ ಎಂದು ಹೇಳಿಕೊಡುತ್ತಾರಂತೆ. ಒಳ್ಳೆಯದು. ದನಿ ಗಟ್ಟಿಯಾಗಲಿ, ಆಡುವುದಕ್ಕೆ ಮಾತು ಎಲ್ಲಿಂದ ತರುತ್ತೀರಿ? ಹುಡುಗರು ಚದುರಿ ಹೋಗಿದ್ದರು. ಯೆಲ್ಮಿ ಕಾರಿಡಾರಿನ ಆ ತುದಿಯಲ್ಲಿದ್ದಳು. ನಾನು ಈ ತುದಿಯಲ್ಲಿದ್ದೆ. ಅವಳು ತಲೆಬಾಗಿ ನಮಸ್ಕರಿಸಿ ಹೋದಳು.

ಫೋನ್ ಮಾಡಿ ಕೇಳಬಾರದೇ ಎನ್ನುತ್ತೀರಿ. ಮಾಡಿದೆ.

"ಊಟ ಆಯ್ತಾ?"

"ಆಯ್ತು ಅಪಾ. ನಿಮ್ದು?"

"ಆಯ್ತು. ಅಲ್ಲಿ ಮಳೆನಾ?"

"ಹ್ಞೂಂ, ಸ್ವಲ್ಪ."

ಅವಳು ಉಸಿರಾಡುವುದು ಕೇಳುತ್ತಿತ್ತು. "ಇಡ್ಲಾ ಅಪಾ?" ಎಂದಳು. "ಇಡು," ಎಂದೆ. ತಂದೆಮಗಳಾಗಿ ನಮಗೆ ಬರುವ ಮಾತು ಇಷ್ಟೇ. ಮೇಷ್ಟ್ರು ಮತ್ತು ವಿದ್ಯಾರ್ಥಿಯಾಗಿ ನಮಗೊಂದು ಗುರುವಾರವಿತ್ತು, ಅದನ್ನು ತಾವು ಶಿಬಿರಕ್ಕೆ ಕೊಟ್ಟಿರಿ. ಅವಳು ಏನು ಕೇಳಬೇಕೆಂದಿದ್ದಳೋ ನನಗೆ ಇವತ್ತಿಗೂ ಗೊತ್ತಿಲ್ಲ.

ತಪ್ಪು ತಿಳಿಯಬೇಡಿ. ಮನೆಯನ್ನು ಹೆಂಗಸರ ಕೈಯಿಂದ ಕಿತ್ತು ನಮಗೆ ಕೊಡಿ ಎಂದು ನಾನು ಕೇಳುತ್ತಿಲ್ಲ. ತಾಯಿ ಸತ್ತ ಮೇಲೂ ನನ್ನ ಮಗಳು ತನ್ನದೇ ಸೂರಿನಡಿ ದೊಡ್ಡಮ್ಮನ ಪಕ್ಕ ಮಲಗುತ್ತಾಳಲ್ಲ, ಅದು ಆ ಕಟ್ಟಳೆಯ ಪುಣ್ಯ, ಅದಕ್ಕೆ ನಾನು ಋಣಿ. ನನ್ನನ್ನು ಕರೆದೊಯ್ಯಬೇಕೆಂದು ಕಟ್ಟಳೆ ಹೇಳಿತು, ನಿಜ. ಹೋಗುವಾಗ ಅಳಬಾರದೆಂದು ಅದು ಎಲ್ಲಿ ಹೇಳಿದೆ? 'ನನಗೆ ಹೋಗಲು ಇಷ್ಟವಿಲ್ಲ' ಎಂದು ಹೇಳಿ ಆಮೇಲೆ ಹೋಗಬಾರದೆಂದು ಯಾವ ಹಿರಿಯರು ವಿಧಿಸಿದರು? ಆ ಭಾಗವನ್ನು ಸೇರಿಸಿದವರು ನಾವು ಗಂಡಸರು. ಯಾವಾಗ ಸೇರಿಸಿದೆವು, ಯಾಕೆ ಸೇರಿಸಿದೆವು, ಅದನ್ನು ನಂಬಿ ಯಾರುಯಾರು ಏನೇನು ಕಳೆದುಕೊಂಡರು ಎಂದು ಹುಡುಕುವುದೇ ತಾವು ಅನಗತ್ಯವೆಂದು ಹೊಡೆದುಹಾಕಿದ ಆ ವಿಷಯ. ತಮ್ಮ ಅಂಗಿಗಳು ಎಲ್ಲಿವೆ, ಮಾನ್ಯರೇ? ನಾಳೆ ತಮ್ಮನ್ನೂ ಯಾರಾದರೂ ಕರೆದೊಯ್ಯಲು ಬಂದರೆ ತಾವು ಏನನ್ನುತ್ತೀರಿ? ಉತ್ತರ ನನಗೆ ಬೇಡ. ತಮ್ಮ ಮಕ್ಕಳಲ್ಲಿ ಯಾರಾದರೂ ಕೇಳಿದರೆ ಅವರಿಗೆ ಕೊಡಿ.

ನನ್ನ ಬೇಡಿಕೆ ಇಷ್ಟು. ಪುರುಷತ್ವ ಅಧ್ಯಯನವನ್ನು ಪಠ್ಯದಲ್ಲಿ ಮರಳಿ ಸೇರಿಸಿ. ಅದಕ್ಕೆ ಸಮಿತಿ, ಉಪಸಮಿತಿ, ಮುಂದಿನ ವರ್ಷ ಎಂದೆಲ್ಲ ಆಗುವುದಾದರೆ ಆಗಲಿ, ನಾನು ಕಾಯುತ್ತೇನೆ. ಆದರೆ ಬರುವ ಗುರುವಾರ ಮಧ್ಯಾಹ್ನ ಒಂದು ಗಂಟೆಯ ಮಟ್ಟಿಗೆ ಆ ಬೀಗ ತೆಗೆಸಿ. ಒಂದು ಹುಡುಗಿಯ ಕೆಲಸ ಬಾಕಿ ಉಳಿದಿದೆ. ನಾನು ಎದುರಿನ ಕುರ್ಚಿಯಲ್ಲಿ ಕೂರುತ್ತೇನೆ, ಅವಳು ಕೇಳಲಿ. ಈ ಪತ್ರಿಕೆ ಆ ಮನೆಗೂ ಬರುತ್ತದೆ, ಅದರ ಚಂದಾ ಈಗಲೂ ನಾನೇ ಕಟ್ಟುತ್ತಿದ್ದೇನೆ. ಹಾಗಾಗಿ ಅವಳು ಓದುತ್ತಾಳೆ. ಯೆಲ್ಮಿ, ನೀನು ಏನೇ ಕೇಳು ಮಗಳೇ, ನನ್ನ ಉತ್ತರದ ಮೊದಲ ಮಾತು ಇದು: ನನಗೆ ಅವಸರವಿರಲಿಲ್ಲ. ನೀನು ಇರಿ ಎನ್ನುತ್ತೀಯೇನೋ ಎಂದು ಮೆಟ್ಟಿಲಿಳಿಯುವವರೆಗೂ ಕಿವಿಗೊಟ್ಟಿದ್ದೆ.

ಇಂತಿ,
ಲಪಾವಿನಲ್ಲಿ ದಿನವೂ ಸಿಗುವ, ಅಲ್ಲಿ ಇದಾವುದನ್ನೂ ಹೇಳಲಾಗದ,
ಅಫ್ರಿನಾಲ್ದಿ
(ಗುರುವಾರದ ಮೇಷ್ಟ್ರು, ಸದ್ಯಕ್ಕೆ ಕಾರಿಡಾರಿನಲ್ಲಿ)