ಗಾಡಿಕೇರಿಯ ಅರ್ಜಿ

ಗಾಡಿಕೇರಿ, ಹುಣಸೂರು
೧೨ ಫೆಬ್ರವರಿ ೧೯೩೭

ನಮ್ಮ ಮನೆಯ ಯಜಮಾನರಿಗೆ ರುಕ್ಮಿಣಿಯ ನಮಸ್ಕಾರಗಳು.

ಇಲ್ಲಿ ನಾನು ಕ್ಷೇಮ, ಕರೀ ಹಸು ಕ್ಷೇಮ, ಅದರ ಕರು ನನಗಿಂತಲೂ ಕ್ಷೇಮ. ಕಾಕನಕೋಟೆಯ ಆ ಮರದ ಡಿಪೋದಲ್ಲಿ ನೀವು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರಿ ಎಂದು ನಂಬಿದ್ದೇನೆ. ದೀಪಾವಳಿ ಕಳೆದ ಮೇಲೆ ನೀವು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಕೋಪ ಮಾಡಿಕೊಳ್ಳಬೇಡಿ. ಇಷ್ಟು ದಿನ ನಿಮ್ಮ ಹೆಂಡತಿ ಸರ್ಕಾರಕ್ಕೆ ಬರೆಯುವುದರಲ್ಲೇ ಮುಳುಗಿಹೋಗಿದ್ದಳು.

ನಡೆದದ್ದು ಇದು. ಮೋಟಾರು ಬಸ್ಸು ಓಡಾಡಲು ಮುನಿಸಿಪಾಲಿಟಿಯವರು ನಮ್ಮ ಕೇರಿಯ ನಟ್ಟನಡುವೆ ನೇರ ರಸ್ತೆಗೆ ಗೆರೆ ಎಳೆದರು. ಹಳೇ ಮನೆಗಳ ಇಡೀ ಸಾಲು, ಬೇವಿನ ಮರದಡಿ ಚಕ್ರಗಳಿಗೆ ಕಬ್ಬಿಣದ ಪಟ್ಟೆ ಕೂರಿಸುವ ಆ ದೊಡ್ಡ ದುಂಡುಗಲ್ಲು, ಎಲ್ಲ ಗೆರೆಯೊಳಗೆ ಬಂದವು. ಗಾಡಿ ಮಾಡುವವರಲ್ಲಿ ಹಿರಿಯರಾದ ಸಣ್ಣಬೀರಯ್ಯನವರು ಉಳಿಯನ್ನು ಕೆಳಗಿಟ್ಟು ನಮ್ಮ ಜಗಲಿಗೆ ಬಂದು ಕೂತುಬಿಟ್ಟರು.

"ದಂಡಿನ ಗಾಡಿ ಮಾಡಿದ್ ಕೇರಿ ಕಣವ್ವ ಇದು. ನಮ್ ತಾತ ಮಾಡಿದ್ ಚಕ್ರ ಶ್ರೀರಂಗಪಟ್ಣದ್ಗಂಟ ಉರುಳುದ್ರೂ ಒಂದ್ಕಿತ ಕಿರ್ ಅನ್ಲಿಲ್ಲ. ಬಸ್ಸು ಬತ್ತದೆ ಅಂತ ಇದ್ನ ಕಿತ್ತಾಕ್ತಾರಂತಲ್ಲ! ನಿಂಗೆ ಓದು ಬತ್ತದೆ, ಏನಾರ ಬರಿ" ಅಂದರು.

ಹಳೆಯ ಕಟ್ಟಡಗಳನ್ನು ಕಾಪಾಡುವುದಕ್ಕೇ ಮೈಸೂರಿನಲ್ಲಿ ಒಂದು ಇಲಾಖೆ ಇದೆ ಎಂದು ಪತ್ರಿಕೆಯಲ್ಲಿ ಓದಿದ್ದು ನೆನಪಾಯಿತು. ಗಾಡಿಕೇರಿಯನ್ನು ಪುರಾತನ ಸ್ಥಳವೆಂದು ಅಂಗೀಕರಿಸಬೇಕು ಎಂದು ಅರ್ಜಿ ಬರೆದೆ. ಕೇರಿಯವರೆಲ್ಲ ಹೆಬ್ಬೆಟ್ಟು ಒತ್ತಿದರು. ಎದುರುಮನೆ ಸಾಕಮ್ಮ ಎರಡೂ ಹೆಬ್ಬೆಟ್ಟು ಒತ್ತಿದಳು. ಯಾಕೆಂದು ಕೇಳಿದರೆ, "ಒಂದು ನಂದು, ಇನ್ನೊಂದು ನನ್ ಗಂಡಂದು. ಅವ್ನು ಸಂತೆಗೋಗವ್ನೆ" ಅಂದಳು!

ಸಂಕ್ರಾಂತಿ ಕಳೆದ ಮೇಲೆ ಇಲಾಖೆಯ ಸಾಹೇಬರು ನೋಡಲು ಬರುತ್ತಾರೆ ಎಂದು ತಿಳಿಯಿತು. ಅಷ್ಟೇ ಸಾಕಾಯಿತು. ನಾನು ಹಸು ಕಟ್ಟಿ ಬರುವಷ್ಟರಲ್ಲಿ ಕೇರಿಗೆ ಕೇರಿಯೇ ಸುಣ್ಣ ಬಳಿಯುತ್ತಿತ್ತು. ಬೇಡವೆಂದರೂ ಯಾರು ಕೇಳುತ್ತಾರೆ? ದುಂಡುಗಲ್ಲಿಗೂ ಸುಣ್ಣ, ಬೇವಿನ ಬುಡಕ್ಕೂ ಸುಣ್ಣ. ಸಾಹೇಬರು ಗಾಡಿಯಿಂದ ಇಳಿದವರೇ ತಲೆಯ ಮೇಲೆ ಕೈ ಇಟ್ಟುಕೊಂಡರು.

"ಯಾಕಮ್ಮ ಸುಣ್ಣ ಹೊಡೆದಿರಿ? ಹಳೆಯದನ್ನು ನೋಡೋಕೆ ಬಂದೋನು ನಾನು."

ಸಾಕಮ್ಮ ಬಿಡುತ್ತಾಳೆಯೇ? "ನೆಂಟ್ರು ಬತ್ತಾರೆ ಅಂದ್ರೆ ಮಕ ತೊಳೀದೇ ಕೂರಾದಾ ಸೋಮಿ?"

ಅವರು ನಕ್ಕುಬಿಟ್ಟರು. ಆಮೇಲೆ ಕೆಲಸ ಸಲೀಸಾಯಿತು. ಮನೆಮನೆಗೂ ಹೊಕ್ಕು ವಿಚಾರಿಸಿದರು. ನಾನೂ ಜೊತೆಗಿದ್ದು ಹೇಳುತ್ತಾ ಹೋದೆ: ಈ ತೇಗದ ಹೊಸಿಲು ದಂಡಿನ ಗಾಡಿಯ ಮರದಲ್ಲಿ ಉಳಿದದ್ದು, ಪ್ಲೇಗಿನ ವರ್ಷ ಕೇರಿಯವರೆಲ್ಲ ಬಿತ್ತನೆ ಕಾಳನ್ನು ಈ ಅಟ್ಟದಲ್ಲಿ ಒಟ್ಟಿಗಿಟ್ಟು ಕಾದರು, ಸಣ್ಣಬೀರಯ್ಯನವರ ಅತ್ತಿಗೆ ಮದುವೆಯ ದಿನವೇ ಗಂಡನಿಗೆ ಉಳಿ ಹಿಡಿಯುವುದು ಹೇಗೆಂದು ತೋರಿಸಿಕೊಟ್ಟದ್ದು ಈ ಪಡಸಾಲೆಯಲ್ಲಿ. ಸಾಹೇಬರು ಎಲ್ಲವನ್ನೂ ಬರೆದುಕೊಂಡರು.

ಮೊನ್ನೆ ಹುಕುಂ ಬಂತು. ಗೆದ್ದೆವು! ಹಳೇ ಸಾಲು, ದುಂಡುಗಲ್ಲು, ಬೇವಿನ ಕಟ್ಟೆ ಎಲ್ಲಕ್ಕೂ ಸರ್ಕಾರದ ರಕ್ಷಣೆ, ಯಾರೂ ಮುಟ್ಟುವ ಹಾಗಿಲ್ಲ. ಸಣ್ಣಬೀರಯ್ಯನವರು ಕಲ್ಲನ್ನು ತಬ್ಬಿಕೊಂಡು ಎದ್ದಾಗ ಮೈಯೆಲ್ಲ ಸುಣ್ಣವಾಗಿ, ಅವರನ್ನೂ ಪುರಾತನವೆಂದು ಅಂಗೀಕರಿಸಬಹುದಿತ್ತು. ಕೇರಿಯಲ್ಲೆಲ್ಲ ಪಾಯಸ.

ಈಗ ನಿಮಗೆ ಹೇಳಬೇಕಾದ ವಿಷಯ. ರಸ್ತೆ ಎಲ್ಲಾದರೂ ಹೋಗಲೇಬೇಕಲ್ಲ? ಮುನಿಸಿಪಾಲಿಟಿಯ ಓವರ್ಸೀಯರ್ ಗೋವಿಂದಯ್ಯನವರು ಅಳೆದು ನೋಡಿ, ಮೂಲೆಯಲ್ಲಿ ತಿರುಗಿಸಿದರೆ ಒಂದೇ ಮನೆ ಹೋಗುತ್ತದೆ ಅಂದರು. ಆ ಮೂಲೆ ನಮ್ಮದು. ಕೇರಿಯಲ್ಲಿ ಹಳೆಯದಲ್ಲದ ಮನೆಯೂ ನಮ್ಮದೊಂದೇ, ಮದುವೆಯಾದ ವರ್ಷ ನೀವು ಕಟ್ಟಿಸಿದ್ದು. ಸಣ್ಣಬೀರಯ್ಯನವರು, "ಅರ್ಜಿ ಬರ್ದೋಳ್ ಮನೇನೇ ಕೆಡವುದ್ರೆ ನಮ್ಗೆ ಅನ್ನ ಇಳೀತದಾ?" ಎಂದು ಕಣ್ಣು ಒರೆಸಿಕೊಂಡರು. ನಾನು ನಕ್ಕು, "ಮನೆ ಇನ್ನೊಂದು ಕಟ್ಟಬಹುದು ಬೀರಯ್ಯನವರೇ, ಈ ಕೇರಿ ಇನ್ನೊಂದು ಸಿಕ್ಕುತ್ತದೆಯೇ?" ಅಂದೆ. ಬದಲಿಗೆ ಹೊಳೆಯ ಕಡೆ ನಿವೇಶನ ಕೊಡುತ್ತಾರಂತೆ. ಮನೆ ನಿಮ್ಮ ಹೆಸರಿನಲ್ಲಿರುವುದರಿಂದ ನಿಮ್ಮ ಸಹಿ ಬೇಕು. ನನ್ನ ಮಟ್ಟಿಗೆ ನಾನು ಒಪ್ಪಿದ್ದೇನೆ.

ಕೇರಿಯ ಹಿರಿಯರೆಲ್ಲ ನಿಮಗೆ ಆಶೀರ್ವಾದ ಹೇಳಿದ್ದಾರೆ. ಬೆಟ್ಟದಪುರದ ಮಲ್ಲಯ್ಯ ಸ್ವಾಮಿ ಕಾಡಿನಲ್ಲಿ ನಿಮ್ಮ ಬೆನ್ನಿಗಿರಲಿ.

ನಿಮ್ಮವಳು,
ರುಕ್ಮಿಣಿ

ಮರೆತ ಮಾತು: ಮರೆತದ್ದೆಂದು ಬರೆದೆ, ಮರೆತಿರಲಿಲ್ಲ. ಅಂದು ಸಾಹೇಬರು ಕೊನೆಗೆ ನಮ್ಮ ಬಾಗಿಲಲ್ಲಿ ನಿಂತು, "ಈ ಮನೆಯಲ್ಲಿ ಏನೇನು ನಡೆದಿದೆ, ಹೇಳಿ ತಾಯಿ" ಎಂದರು. ಬೆಳಗಿನಿಂದ ಎಲ್ಲರ ಮನೆಯ ಕಥೆ ಹೇಳಿದವಳಿಗೆ ನಮ್ಮ ಮನೆಯದೊಂದು ಕಥೆಯೂ ಸಿಗಲಿಲ್ಲ. ನೀವು ಹಬ್ಬಕ್ಕೆ ಬರುತ್ತೀರಿ, ಚೀಲ ಪೂರ್ತಿ ಬಿಚ್ಚುವ ಮೊದಲೇ ರಜ ಮುಗಿಯುತ್ತದೆ. ಇಷ್ಟು ವರ್ಷದಲ್ಲಿ ನಾವಿಬ್ಬರೂ ಈ ಸೂರಿನಡಿ ಒಂದು ಮಳೆಗಾಲವನ್ನೂ ಕೂಡಿ ಕಳೆದಿಲ್ಲ. ಇಲ್ಲಿ ಇನ್ನೂ ಏನೂ ನಡೆದಿಲ್ಲ ಎಂದು ಪರರ ಮುಂದೆ ಹೇಗೆ ಹೇಳಲಿ? ನೀರು ತರುತ್ತೇನೆಂದು ಒಳಗೆ ಹೋಗಿ, ಬಹಳ ಹೊತ್ತು ಒಳಗೇ ಇದ್ದೆ. ಕಾಕನಕೋಟೆ ಜ್ವರದ ಸೀಮೆ, ಹೆಂಗಸರು ಬರಬಾರದು ಎಂದು ಪ್ರತಿ ಸಲವೂ ಹೇಳುತ್ತೀರಿ. ಜ್ವರಕ್ಕೆ ಕ್ವಿನೈನ್ ಇದೆ. ಸಹಿ ಹಾಕುವ ಕಾಗದವನ್ನು ಇದರೊಡನೆ ಕಳಿಸುತ್ತಿಲ್ಲ. ನೀವೇ ಬಂದು ಹಾಕಿ, ಹೊರಡುವಾಗ ನನ್ನನ್ನೂ ಕರೆದುಕೊಂಡು ಹೋಗಿ.