ಹದಿನೈದು ಲೀಟರ್ ಉಳಿತಾಯ

ಮನೆಯ ಮಹಡಿಯಿಂದ,
ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯೆ? ರೋಗಿಗಳನ್ನು ಎತ್ತಿ ಮಲಗಿಸಿ ಹಿಡಿದುಕೊಂಡಿದ್ದ ಸೊಂಟ ಈಗಲಾದರೂ ಸಡಿಲಾಯಿತೇ? ಆ ಆಸ್ಪತ್ರೆಗೊಂದು ಕೈಮುಗಿದು ಬಂದುಬಿಡಬಾರದೇ ಎಂದು ಅಮ್ಮ ಗೊಣಗುತ್ತಲೇ ಇರುತ್ತಾಳೆ. ಇಲ್ಲಿ ಎಲ್ಲರೂ ಕ್ಷೇಮ, ಭಾವನ ಬುದ್ಧಿಯೊಂದನ್ನು ಬಿಟ್ಟು.

ನಿನ್ನ ಗಂಡ ಹಳೆಯ ಕಾರು ಕೊಟ್ಟು ಹೊಸದು ತರುತ್ತಾರಂತೆ. ನೀನು ಕೆಲಸ ಬಿಟ್ಟು ಮನೆಗೆ ಮರಳಲೆಂದು ಕೂಡಿಟ್ಟ ಹಣ ಬಿಡಿಸಲು ನಿನ್ನ ಸಹಿ ಕೇಳಿ ಕಾಗದ ಕಳಿಸಿದ್ದಾರಲ್ಲ, ಅದು ಇದಕ್ಕೇ. ಯಾಕೆ ಎಂದರೆ, "ಹಳೇದು ಪೆಟ್ರೋಲ್ ಕುಡಿಯುತ್ತೆ ಕಣೋ, ಹೊಸದು ಬರೀ ಮೂಸಿ ನೋಡಿ ಓಡುತ್ತೆ" ಅನ್ನುತ್ತಾರೆ. ಕಾರಿನಂಗಡಿಯವನ ಗಿಳಿಪಾಠ! ಕಾರ್ಖಾನೆಯ ಲೆಕ್ಕದ ಗುಮಾಸ್ತರಿಗೆ ಮನೆಯ ಲೆಕ್ಕ ಬಾರದು. ಕೆಲಸಕ್ಕೆ ಹೋಗಿಬರಲು ದಿನಕ್ಕೆ ಹತ್ತು ಕಿಲೋಮೀಟರ್ ಓಡಿಸುವವರಿಗೆ ತಿಂಗಳಿಗೆ ಉಳಿಯುವುದು ಹದಿನೈದು ಲೀಟರ್. ಆ ಉಳಿತಾಯದಿಂದ ಹೊಸ ಕಾರಿಗೆ ಸುರಿದದ್ದು ವಾಪಸಾಗಲು ಹದಿನಾಲ್ಕು ವರ್ಷ ಬೇಕು. ಅಷ್ಟರಲ್ಲಿ ಅದೂ ಗುಜರಿ. ಮೂಗಿಗಿಂತ ಮೂಗುತಿ ಭಾರ ಎಂದರೆ ಇದೇ. ಉಳಿಸುತ್ತೇವೆಂದು ಕೊಳ್ಳುವುದೇ ಈ ಕಾಲದ ದೊಡ್ಡ ದುಂದು ಎಂದು ನಮ್ಮ ಸಂಘದ ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿದೆ. ಒಂದು ಪ್ರತಿ ಕೊಟ್ಟೆ. ಅದರಲ್ಲೇ ಕಾರಿನ ಗಾಜು ಒರೆಸಿಕೊಂಡರು. "ಒಳ್ಳೇ ಕಾಗದ ಕಣೋ, ಗೆರೆ ಬೀಳಲ್ಲ" ಎಂಬ ಮೆಚ್ಚುಗೆ ಬೇರೆ. ಹೆಂಡತಿಯ ಬೆವರಿನ ಮೇಲೆ ಹೊಳೆಯುವ ಬಣ್ಣ ಬಳಿದುಕೊಂಡು ಬೀದಿಯಲ್ಲಿ ಮೆರೆಯುವ ಚಪಲ, ಅದಕ್ಕೆ ಮಿತವ್ಯಯ ಎಂಬ ಹೆಸರು! ಇಂಥವರಿಂದಲೇ ಕಾರಿನಂಗಡಿಗಳು ಬದುಕಿರುವುದು. ಸಹಿ ಹಾಕಬೇಡ.

ಅಮ್ಮ ಆಶೀರ್ವಾದ ತಿಳಿಸಿದ್ದಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟುಕೋ.

ಇಂತಿ, ಯಾರ ಮುಲಾಜಿಗೂ ಬೀಳದ ನಿನ್ನ ತಮ್ಮ,
ನೀನೇ ಹೆಸರಿಟ್ಟ ಬೆಂಕಿಪೊಟ್ಟಣ

ಮ.ವಿ.: ಸೋಮವಾರ. ಅವಸರದಲ್ಲಿ ಬರೆಯುತ್ತಿದ್ದೇನೆ, ಮೇಲಿನದನ್ನು ಹೊಡೆದುಹಾಕಲು ಹೊತ್ತಿಲ್ಲ. ಬೆಳಿಗ್ಗೆ ರೈಲು ನಿಲ್ದಾಣದ ಮುಂದೆ ಕರಪತ್ರ ಹಂಚುತ್ತಿದ್ದೆ. ನಮ್ಮ ಕಾರು ಬಂದು ನಿಂತಿತು. ಭಾವ ಇಳಿದು, ಹಿಂದಿನ ಬಾಗಿಲು ತೆಗೆದು, ಯಾರೋ ಗಂಡಹೆಂಡಿರ ಪೆಟ್ಟಿಗೆ ಇಳಿಸಿ ಬಾಡಿಗೆ ಇಸಿದುಕೊಂಡರು. ಆಫೀಸಿನ ಇಸ್ತ್ರಿ ಅಂಗಿಯಲ್ಲೇ ಇದ್ದರು. ಕಾರ್ಖಾನೆಯವರು ಎರಡು ತಿಂಗಳ ಹಿಂದೆಯೇ ಅವರನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದ್ದಾರೆ, ಆ ಹೊಟ್ಟೆಬಾಕರು! ಅಂದಿನಿಂದ ಊರೆಲ್ಲ ಸುತ್ತಿ ದುಡಿದದ್ದು ಅರ್ಧ ಪೆಟ್ರೋಲಿಗೇ ಹೋಗುತ್ತಿದೆಯಂತೆ. "ನಿಮ್ಮಕ್ಕನಿಗೆ ಹೇಳ್ಬೇಡ ಮಾರಾಯ, ಅವಳು ಇನ್ನೊಂದು ವರ್ಷ ಅಲ್ಲೇ ಇದ್ದುಬಿಡ್ತಾಳೆ" ಅಂದರು. ಹಾಗೆ ಓಡುವ ಗಾಡಿಗೆ ಹದಿನಾಲ್ಕು ವರ್ಷವಲ್ಲ, ಎರಡೇ ವರ್ಷ ಸಾಕು, ಅಲ್ಲೇ ಕೂತು ಲೆಕ್ಕ ಹಾಕಿದೆ. ಸಹಿ ಹಾಕು ಅಕ್ಕಾ. ಹಣ ಮತ್ತೆ ಕೂಡಲಿ ಎಂದು ಕಾಯದೆ, ನೀನು ಬಂದುಬಿಡು.